ಮುಳ್ಳಕ್ಕನ ಇನ್ನೂರ ಹದಿನಾಲ್ಕು ಮೆಟ್ಟಿಲು

ಮೊಳೆಯ ತುದಿಯನ್ನು ಗುಳಿಯೊಳಗೆ ಇಳಿಸಿ, ಅಂಗೈಯಿಂದ ಅದುಮಿ, ಒಂದು ಸುತ್ತು ತಿರುಗಿಸುತ್ತಾರೆ. ಗಾಜಿನಂಥ ತೆಳ್ಳನೆಯ ಚಕ್ಕೆಯೊಂದು ಮೇಲೇಳುತ್ತದೆ. ಅದನ್ನು ಉಫ್ ಎಂದು ಊದಿ ಹಾರಿಸಿ, ಅದೇ ಜಾಗಕ್ಕೆ ಉಳಿ ಇಟ್ಟು, ಸುತ್ತಿಗೆಯಿಂದ ಮೂರು ಪೆಟ್ಟು. ಟಣ್, ಟಣ್, ಟಣ್. ಮತ್ತೆ ಮೊಳೆ. ಮತ್ತೆ ಚಕ್ಕೆ. ಮೇಲೆ, ಮೆಟ್ಟಿಲು ಮುಗಿಯುವಲ್ಲಿ, ಕಾವಲುಗಾರ ಎರಡು ಸಲ ಕೆಮ್ಮುತ್ತಾನೆ. ಸುತ್ತಿಗೆ ಬಕೆಟ್ಟಿನೊಳಕ್ಕೆ, ಉಳಿ ಒದ್ದೆ ಬಟ್ಟೆಯ ಅಡಿಗೆ, ಕೈಗೆ ಪೊರಕೆ. ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲವೂ ಆಗಿಹೋಗಿರುತ್ತದೆ. ಬಿಳಿ ಬೂಟಿನ ಗಂಡಸೊಬ್ಬ ಏದುಸಿರು ಬಿಡುತ್ತ ಗೋಡೆ ಹಿಡಿದು ಇಳಿದು ಬಂದು, ಈ ಮೆಟ್ಟಿಲು ದಾಟಿದ್ದೇ ಓಡತೊಡಗುತ್ತಾನೆ. ಗುಡಿಸುತ್ತಿರುವ ಹೆಂಗಸನ್ನು ತಿರುಗಿಯೂ ನೋಡುವುದಿಲ್ಲ.

“ಆಫೀಸಿನೋರಲ್ಲ,” ಅನ್ನುತ್ತಾರೆ ಅವರು, ಪೊರಕೆಯನ್ನು ಗೋಡೆಗೆ ಒರಗಿಸುತ್ತ. “ಎರಡು ಕೆಮ್ಮು ಅಂದ್ರೆ ಯಾರೋ ಬರ್ತಿದಾರೆ ಅಂತ. ಆಫೀಸಿನೋರಾದ್ರೆ ಮೂರು. ಅಲ್ಲದೆ ಆಫೀಸಿನೋರು ಓಡಲ್ಲ.”

ಉಳಿ ಮತ್ತೆ ಹೊರಬರುತ್ತದೆ.

ಕೆಳಗಿನಿಂದ ಎಣಿಸಿದರೆ ಇದು ನೂರ ಹತ್ತನೇ ಮೆಟ್ಟಿಲು. ಬಂದರಿನ ಮಗ್ಗುಲಲ್ಲಿ ಶುರುವಾಗಿ, ಗುಡ್ಡದ ಎದೆಯನ್ನು ನೇರವಾಗಿ ಹತ್ತಿ, ಮೇಲಿನ ಓಣಿಗಳಿಗೆ ಹೋಗಿ ಸೇರುವ ಈ ಕಲ್ಲಿನ ದಾರಿಗೆ ಮುನ್ನೂರು ವರ್ಷ. ಒಟ್ಟು ಇನ್ನೂರ ಹದಿನಾಲ್ಕು ಮೆಟ್ಟಿಲು. ಪ್ರವಾಸಿಗರ ಕೈಪಿಡಿಯಲ್ಲಿ ಇದಕ್ಕೆಂದೇ ಎರಡು ಪುಟ ಮೀಸಲು. ಯಾರು ಕಟ್ಟಿಸಿದರು, ಕಲ್ಲು ಯಾವ ಗುಡ್ಡದ್ದು, ಎಲ್ಲಿ ನಿಂತರೆ ಫೋಟೊದಲ್ಲಿ ಬೆನ್ನ ಹಿಂದೆ ಸಮುದ್ರ ಪೂರ್ತಿ ಬರುತ್ತದೆ, ಎಲ್ಲ ಇದೆ. ಮುನ್ನೂರು ವರ್ಷ ಲಕ್ಷಾಂತರ ಕಾಲು ಉಜ್ಜಿದ, ಉಪ್ಪುಗಾಳಿ ದಿನವೂ ನೆಕ್ಕುವ ಈ ಕಲ್ಲು ಇಷ್ಟು ಹೊತ್ತಿಗೆ ಜಾರುಬಂಡೆ ಆಗಿರಬೇಕಿತ್ತು, ಯಾಕೆ ಆಗಿಲ್ಲ ಎನ್ನುವುದು ಮಾತ್ರ ಇಲ್ಲ. ಅದಕ್ಕೆ ಉತ್ತರವಾದ ಹೆಂಗಸು ನನ್ನ ಮುಂದೆ ಮಂಡಿಯೂರಿ ಕೂತಿದ್ದಾರೆ. ವಯಸ್ಸು ಐವತ್ತೆಂಟು. ಮೇಲಿನ ಓಣಿಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರ ಬಾಯಲ್ಲೂ ಅವರು ಮುಳ್ಳಕ್ಕ.

ಮುಳ್ಳು ಅಂದರೆ ಚುಚ್ಚುವ ಮುಳ್ಳಲ್ಲ. ಬೀಸುವ ಕಲ್ಲು ಸವೆದು ನುಣುಪಾದರೆ ಕಾಳು ನುರಿಯುವುದಿಲ್ಲ. ಆಗ ಉಳಿಯಿಂದ ಕಲ್ಲಿನ ಮೈಮೇಲೆ ಸಣ್ಣ ಸಣ್ಣ ಗುಳಿ ಹೊಡೆದು ತರಿ ಎಬ್ಬಿಸಬೇಕು. ಅದಕ್ಕೆ ಮುಳ್ಳು ಹಾಕುವುದು ಅನ್ನುತ್ತಾರೆ. ಮುಳ್ಳಕ್ಕನ ಅಪ್ಪ ಊರೂರಿನ ಹಿಟ್ಟಿನ ಗಿರಣಿಗಳಿಗೆ ಹೋಗಿ ಕಲ್ಲಿಗೆ ಮುಳ್ಳು ಹಾಕುತ್ತಿದ್ದವರು. ಗಿರಣಿಗಳಿಗೆ ಉಕ್ಕಿನ ಯಂತ್ರ ಬಂದ ವರ್ಷ ಅವರ ಕೈ ಖಾಲಿಯಾಯಿತು. ಅದೇ ವರ್ಷ ಈ ಮೆಟ್ಟಿಲಲ್ಲಿ ಬಸುರಿ ಹೆಂಗಸೊಬ್ಬಳು ಜಾರಿ ಬಿದ್ದಳು. ಯಾರೂ ಹೇಳಲಿಲ್ಲ, ಯಾರೂ ಕರೆಯಲಿಲ್ಲ. ಅಪ್ಪ ಮಾರನೇ ಬೆಳಿಗ್ಗೆ ಉಳಿ ಹಿಡಿದುಕೊಂಡು ಬಂದು ಮೊದಲನೇ ಮೆಟ್ಟಿಲ ಮೇಲೆ ಕೂತರು.

“ಬೀಸೋ ಕಲ್ಲಿಗೂ ನಡೆಯೋ ಕಲ್ಲಿಗೂ ಏನು ವ್ಯತ್ಯಾಸ ಅಂತಿದ್ರು ನಮ್ಮಪ್ಪ. ಅಲ್ಲಿ ಕಾಳು ಹಿಡೀಬೇಕು, ಇಲ್ಲಿ ಕಾಲು ಹಿಡೀಬೇಕು, ಅಷ್ಟೆ. ನಾನು ಏಳನೇ ಕ್ಲಾಸು ಮುಗಿಸಿದೆ, ಬಕೆಟ್ ಹೊರಕ್ಕೆ ಬಂದೆ. ಬಕೆಟ್ ಹೊರ್ತಾ ಹೊರ್ತಾ ಉಳಿ ಕೈಗೆ ಬಂತು. ಅಪ್ಪ ಹೋದ್ಮೇಲೆ ನಗರಸಭೆಯೋರು ಅವರ ಜಾಗಕ್ಕೆ ನನ್ನನ್ನೇ ತಗೊಂಡ್ರು. ಪುಸ್ತಕದಲ್ಲಿ ಏನಂತ ಬರ್ಕೊಂಡ್ರು ಗೊತ್ತಾ? ಕಸ ಗುಡಿಸೋಳು ಅಂತ. ಮುಳ್ಳು ಹಾಕೋರು ಅಂತ ಬರಿಯಕ್ಕೆ ಅವರ ಪುಸ್ತಕದಲ್ಲಿ ಕಾಲಮ್ಮು ಇರಲಿಲ್ಲವಂತೆ.”

ಹಾಗಾಗಿ ಮೂವತ್ತನಾಲ್ಕು ವರ್ಷಗಳಿಂದ ಅವರು ದಾಖಲೆಯಲ್ಲಿ ಗುಡಿಸುತ್ತಿದ್ದಾರೆ, ಕಲ್ಲಿನ ಮೇಲೆ ಕೆತ್ತುತ್ತಿದ್ದಾರೆ. ಎರಡನೆಯದು ಮೊದಲನೆಯದರ ಜೊತೆಗೆ ಊರಿಗೆ ಪುಕ್ಕಟೆ.

ಕೆಲಸ ನಸುಕಿನಲ್ಲೇ ಆಗಬೇಕು, ಅದಕ್ಕೆ ಕಾರಣವಿದೆ. ಬಕೆಟ್ಟಿನಿಂದ ಒಂದು ಬೊಗಸೆ ನೀರು ತೆಗೆದು ಮೆಟ್ಟಿಲಿನ ಮೇಲೆ ಚೆಲ್ಲುತ್ತಾರೆ. ಸಮುದ್ರದ ಕಡೆಯಿಂದ ಬೆಳಕು ಅಡ್ಡಡ್ಡಲಾಗಿ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಬರುವ ಹೊತ್ತು. ಮುಳ್ಳು ಇರುವ ಕಡೆ ನೀರು ಮಂಕಾಗಿ ಕೂರುತ್ತದೆ. ಸವೆದ ಕಡೆ ಕನ್ನಡಿಯ ಚೂರಿನಂತೆ ಹೊಳೆಯುತ್ತದೆ. “ಮಧ್ಯಾಹ್ನ ಬಂದ್ರೆ ಎಲ್ಲ ಕಲ್ಲೂ ಒಳ್ಳೇವೇ. ಈ ಹೊತ್ತಲ್ಲಿ ಮಾತ್ರ ಅವಕ್ಕೆ ಸುಳ್ಳು ಹೇಳಕ್ಕಾಗಲ್ಲ.” ಹೊಳೆದ ಜಾಗದ ಮೇಲೆ ಬರಿಗಾಲ ಹಿಮ್ಮಡಿ ಊರಿ, ಇಡೀ ಮೈ ಭಾರ ಬಿಟ್ಟು ನೋಡುತ್ತಾರೆ. ಹಿಮ್ಮಡಿ ಒಂದು ಕೂದಲಷ್ಟು ಸರಿದರೂ ಆ ಜಾಗಕ್ಕೆ ಉಳಿ ಬೀಳುತ್ತದೆ. ಅವರ ಎರಡೂ ಹೆಬ್ಬೆರಳುಗಳಿಗೆ ಉಗುರಿಲ್ಲ. ಯಾವಾಗ ಹೋದವು ಎಂದು ಕೇಳಿದರೆ, “ಒಂದು ಅಪ್ಪ ಇದ್ದಾಗ, ಇನ್ನೊಂದು ಆಮೇಲೆ,” ಅನ್ನುತ್ತಾರೆ.

ಹತ್ತು ನಿಮಿಷ ಪಕ್ಕದಲ್ಲಿ ಕೂತು ಎಣಿಸಿದೆ. ನಲವತ್ತು ಮುಳ್ಳು. ಒಂದಕ್ಕೆ ಮೂರು ಪೆಟ್ಟು. ನಸುಕಿನಿಂದ ಪ್ರವಾಸಿಗರು ಬರುವವರೆಗಿನ ಎರಡೂವರೆ ಗಂಟೆಯಲ್ಲಿ ಆರು ನೂರು ಮುಳ್ಳು, ಸಾವಿರದ ಎಂಟು ನೂರು ಪೆಟ್ಟು. ಒಂದು ಮೆಟ್ಟಿಲಿಗೆ ಮೂರು ಬೆಳಿಗ್ಗೆ ಬೇಕು. ವಾರಕ್ಕೊಮ್ಮೆ ದೋಣಿ ರಿಪೇರಿಯವನ ಕುಲುಮೆಗೆ ಹೋಗಿ ಉಳಿಯ ತುದಿ ಕಾಯಿಸಿ ಬಡಿಸಿಕೊಂಡು ಬರುತ್ತಾರೆ. “ಕೆಳಗಿಂದ ಮೇಲಕ್ಕೆ ಒಂದು ಸುತ್ತು ಮುಗಿಯಕ್ಕೆ ಎರಡು ವರ್ಷ ಹಿಡಿಯತ್ತೆ. ಅಬ್ಬಾ ಮುಗೀತು ಅಂತ ಬೆನ್ನು ನೆಟ್ಟಗೆ ಮಾಡೋಷ್ಟರಲ್ಲಿ ಮೊದಲನೇದು ಬೋಳಾಗಿ ನಗ್ತಾ ಇರತ್ತೆ.”

ಈಗ ಮಾತ್ರ ಒಂದು ಮೆಟ್ಟಿಲಿಗೆ ಮೂರು ಬೆಳಿಗ್ಗೆ ಸಾಲುತ್ತಿಲ್ಲ. ಒಂಬತ್ತು ಬೇಕಾಗುತ್ತಿದೆ. ಯಾಕೆ ಎಂದು ಹೇಳುವುದಕ್ಕೇ ಈ ಲೇಖನ.

ಎಂಟು ತಿಂಗಳ ಹಿಂದೆ ಯಾರೋ ದೊಡ್ಡವರು ಮೆಟ್ಟಿಲು ನೋಡಲು ಬರುವವರಿದ್ದರು. ಕಲ್ಲು ಮಂಕಾಗಿದೆ, ಫೋಟೊದಲ್ಲಿ ಎದ್ದು ಕಾಣುವುದಿಲ್ಲ ಎಂದು ನಗರಸಭೆಗೆ ಅನಿಸಿತು. ಗುತ್ತಿಗೆದಾರನೊಬ್ಬ ಡಬ್ಬಗಳನ್ನು ತಂದಿಳಿಸಿದ. ತೊಂಬತ್ತರಿಂದ ನೂರ ಐವತ್ತೊಂದರವರೆಗೆ, ಅಂದರೆ ಜನ ನಿಂತು ಫೋಟೊ ತೆಗೆಸಿಕೊಳ್ಳುವ ಅರವತ್ತೆರಡು ಮೆಟ್ಟಿಲಿಗೆ, ಎರಡೆರಡು ಸಲ ಪಾರದರ್ಶಕ ಕೋಟಿಂಗ್ ಬಳಿಯಲಾಯಿತು. ಕಲ್ಲು ಎಣ್ಣೆ ಹಚ್ಚಿದಂತೆ ಕಪ್ಪಗೆ ಮಿಂಚಿತು. ಒಂದೊಂದು ಮುಳ್ಳಿನ ಗುಳಿಯೂ ತುಂಬಿ ಮಟ್ಟವಾಯಿತು. ಮೂವತ್ತನಾಲ್ಕು ವರ್ಷದ ಕೆಲಸವನ್ನು ಎರಡು ಮಧ್ಯಾಹ್ನಗಳಲ್ಲಿ ಬ್ರಷ್ಷು ನುಂಗಿತು.

“ನಾನು ಇಂಜಿನಿಯರ್ ಸಾಹೇಬ್ರಿಗೆ ಹೇಳಿದೆ. ಸಾರ್, ಇದು ಜಾರತ್ತೆ ಅಂದೆ. ಡಬ್ಬದ ಮೇಲೇ ಬರೆದಿದೆಯಲ್ಲಮ್ಮಾ ಜಾರಲ್ಲ ಅಂತ, ಅಂದ್ರು. ಬೂಟು ಹಾಕ್ಕೊಂಡು, ಮಟಮಟ ಮಧ್ಯಾಹ್ನ, ಒಣ ಮೆಟ್ಟಿಲ ಮೇಲೆ ಎರಡು ಸಲ ಕುಪ್ಪಳಿಸಿ, ನೋಡು ಅಂದ್ರು. ನೋಡಿದೆ. ಚೆನ್ನಾಗಿ ಕುಪ್ಪಳಿಸಿದ್ರು. ಇಲ್ಲಿಯ ಜನ ಇಬ್ಬನೀಲಿ ಬರಿಗಾಲಲ್ಲಿ ನಡೀತಾರೆ ಸಾರ್, ಡಬ್ಬ ಓದ್ಕೊಂಡು ನಡೆಯಲ್ಲ ಅಂದೆ. ನಿನ್ನ ಕೆಲಸ ಗುಡಿಸೋದು, ಗುಡಿಸು ಅಂದ್ರು.”

ಒಣಗಲಿ ಎಂದು ಆ ರಾತ್ರಿ ಮೆಟ್ಟಿಲು ಮುಚ್ಚಿದ್ದರು. ಬೆಳಿಗ್ಗೆ ಮುಳ್ಳಕ್ಕ ಗುಡ್ಡದ ಹಿಂದಿನ ಕಾಲುದಾರಿಯಲ್ಲಿ ಸುತ್ತಿಕೊಂಡು ಬಂದರಿಗೆ ಇಳಿದು, ಎಂದಿನಂತೆ ಕೆಳಗಿನಿಂದ ನೋಡುತ್ತ ಹತ್ತಿದರು. ತೊಂಬತ್ತನೇ ಮೆಟ್ಟಿಲಿಗೆ ಹಿಮ್ಮಡಿ ಊರಿದ್ದೇ ತಡ, ಕಾಲು ಸರ್ರನೆ ಹೋಯಿತು. ಕೈಗೆ ಸಿಕ್ಕ ಹಗ್ಗವನ್ನು ಅಲ್ಲಿ ಅಡ್ಡ ಕಟ್ಟಿ, ಇಂಜಿನಿಯರನ್ನು ಹಿಡಿಯಲು ಬಂದರಿನ ಆಫೀಸಿಗೆ ಓಡಿದರು.

ಇಲ್ಲಿಗೆ ಬಂದಾಗ ಅವರ ಸುತ್ತಿಗೆ ನಿಲ್ಲುತ್ತದೆ.

“ಕೆಳಗೆ ಕಟ್ಟಿದೆ. ಮೇಲೆ ಕಟ್ಟಲಿಲ್ಲ. ನಂಗೆ ಮೆಟ್ಟಿಲು ಅಂದ್ರೆ ಕೆಳಗಿಂದ ಶುರು. ಒಂದು, ಎರಡು, ಮೂರು ಅಂತ ಸಣ್ಣೋಳಿದ್ದಾಗಿಂದ ಹಂಗೇ ಎಣಿಸಿರೋದು. ಮೇಲಿಂದ ಇಳಿಯೋರೂ ಇದಾರೆ ಅನ್ನೋದು ಆ ಹೊತ್ತಿಗೆ ತಲೆಗೇ ಹೋಗಲಿಲ್ಲ. ನಾನೇ ಮೇಲಿನ ಓಣಿಯೋಳು! ನಮ್ಮನೆಯೋನೇ ಅಲ್ಲಿಂದ ಇಳೀತಾನೆ! ಇದನ್ನ ಬರ್ಕೊಳ್ಳಿ. ಬೇರೆಯೋರ ತಪ್ಪು ಹೇಳ್ತಾ ಇದೀನಿ, ನಂದು ಬಚ್ಚಿಟ್ರೆ ಹೆಂಗೆ?”

ಆರು ಗಂಟೆಗೆ ಮೇಲಿನ ತಡೆಯನ್ನು ತೆಗೆದರು. ಮೊದಲು ಇಳಿದವನು ಮುಳ್ಳಕ್ಕನ ತೀರಿಹೋದ ಗಂಡನ ತಮ್ಮ. ಮೇಲಿನ ಓಣಿಗಳಿಗೆ ಗಾಡಿ ಹೋಗದು. ಅಲ್ಲಿಯ ಅಷ್ಟೂ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಹೊತ್ತು ಹತ್ತಿಸುವವನು ಅವನು. ಆ ಬೆಳಿಗ್ಗೆ ಭುಜದ ಮೇಲೆ ಖಾಲಿ ಸಿಲಿಂಡರ್ ಇತ್ತು. ನೂರ ಇಪ್ಪತ್ತೇಳನೇ ಮೆಟ್ಟಿಲಲ್ಲಿ ಎರಡೂ ಕಾಲು ಮುಂದಕ್ಕೆ ಹಾರಿದವು. ಹದಿನಾಲ್ಕು ಮೆಟ್ಟಿಲು ಅಂಗಾತ ಜಾರಿದ. ಸೊಂಟದ ಮೂಳೆ ಎರಡು ಕಡೆ ಮುರಿಯಿತು.

ವಿಚಾರಣೆ ನಡೆಯಿತು. ಏಳು ಪುಟದ ವರದಿ ಬಂತು. ಅದರಲ್ಲಿ ಕೋಟಿಂಗ್ ಎಂಬ ಮಾತು ಒಂದೇ ಒಂದು ಸಲ ಬರುತ್ತದೆ: ‘ಉತ್ತಮ ಗುಣಮಟ್ಟದ್ದಾಗಿರುತ್ತದೆ’. ಐದನೇ ಪುಟದ ಸಾಲುಗಳನ್ನು ಹಾಗೆಯೇ ಕೊಡುತ್ತೇನೆ. ‘ಗುಡಿಸುವ ಕಾರ್ಮಿಕಳು ಅನಧಿಕೃತವಾಗಿ ಉಳಿ ಬಳಸಿದ್ದರಿಂದ ಮೇಲ್ಮೈಯಲ್ಲಿ ಉಂಟಾದ ಉಬ್ಬುತಗ್ಗುಗಳಿಗೆ ಎಡವಿ ಸದರಿ ವ್ಯಕ್ತಿಯು ಬಿದ್ದಿರುತ್ತಾನೆ. ಅಪಾಯದ ಬಗ್ಗೆ ಕಾರ್ಮಿಕಳಿಗೆ ಮುಂಚಿತವಾಗಿ ಅರಿವಿತ್ತು ಎಂಬುದಕ್ಕೆ ಆಕೆ ಕಟ್ಟಿದ್ದ ಹಗ್ಗವೇ ಸಾಕ್ಷಿಯಾಗಿರುತ್ತದೆ.’

ಇನ್ನೊಮ್ಮೆ ಓದಿ. ಇಡೀ ಊರಿನಲ್ಲಿ ಒಬ್ಬರಿಗೆ ಜನ ಬೀಳುತ್ತಾರೆ ಎಂದು ಹೊಳೆಯಿತು, ಅವರು ಹಗ್ಗ ಕಟ್ಟಿದರು, ಆ ಹಗ್ಗವನ್ನೇ ಅವರ ಕೊರಳಿಗೆ ಹಾಕಿದರು. ಮೆಟ್ಟಿಲು ಇಳಿಯುವವನು ಎಡವಿದರೆ ಮುಂದಕ್ಕೆ ಮುಗ್ಗರಿಸುತ್ತಾನೆ, ಹಲ್ಲು ಮುರಿಯುತ್ತದೆ, ಮೊಣಕೈ ಮುರಿಯುತ್ತದೆ. ಹಿಂದಕ್ಕೆ ಬಿದ್ದು ಸೊಂಟ ಮುರಿದುಕೊಳ್ಳುವವನು ಜಾರಿದವನು. ಇದನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಿಲ್ಲ, ಒಂದು ಸಲ ಬಿದ್ದಿದ್ದರೆ ಸಾಕು. ಸಮಿತಿಯ ಮೂವರಲ್ಲಿ ಒಬ್ಬರೂ ನೂರ ಇಪ್ಪತ್ತೇಳನೇ ಮೆಟ್ಟಿಲಿನವರೆಗೆ ಹೋಗಲಿಲ್ಲ ಎಂದು ಕಾವಲುಗಾರ ಹೇಳುತ್ತಾನೆ. ಬಂದರಿನಲ್ಲಿ ಕಾರಿನಿಂದಿಳಿದು, ತಲೆಯೆತ್ತಿ ನೋಡಿ, “ಎಷ್ಟು ಎತ್ತರ ಇದೆಯಪ್ಪಾ” ಎಂದು ಹೊರಟುಹೋದರಂತೆ.

ವರದಿಯ ಬಾಲಕ್ಕೆ ಒಂದು ಆದೇಶವೂ ಇತ್ತು. ಉಳಿ, ಸುತ್ತಿಗೆ ಮುಂತಾದವನ್ನು ಪಾರಂಪರಿಕ ಮೆಟ್ಟಿಲುಗಳ ಮೇಲೆ ತರತಕ್ಕದ್ದಲ್ಲ. ಕಾರ್ಮಿಕಳು ಗುಡಿಸುವ ಕೆಲಸವನ್ನು ಮಾತ್ರ ಮಾಡತಕ್ಕದ್ದು.

ಆದೇಶ ಕೈಗೆ ಬಂದ ಮಾರನೇ ಬೆಳಿಗ್ಗೆಯೇ ಬಕೆಟ್ಟಿನ ತಳದಲ್ಲಿ ಉಳಿ ಇಟ್ಟುಕೊಂಡು ಮುಳ್ಳಕ್ಕ ಇಳಿದರು. ಮೊದಲು ನೂರ ಇಪ್ಪತ್ತೇಳನೇ ಮೆಟ್ಟಿಲು. ಆಮೇಲೆ ತೊಂಬತ್ತರಿಂದ ಸಾಲಾಗಿ. ಅಂದಿನಿಂದ ಇಂದಿನವರೆಗೆ ಇಪ್ಪತ್ತೊಂದು ಮೆಟ್ಟಿಲಿನ ಹೊಳಪು ಹೋಗಿದೆ, ಮುಳ್ಳು ಮರಳಿದೆ. ಏಳು ಪುಟ ಬರೆದ ಕಚೇರಿಯ ಒಂದು ಕಣ್ಣಿಗೂ ಅದು ಬಿದ್ದಿಲ್ಲ. “ಅವರು ಕೆಳಗೆ ನೋಡ್ಕೊಂಡು ನಡೆಯಲ್ಲ ಬಿಡಿ.” ಇದನ್ನು ಪತ್ರಿಕೆಯಲ್ಲಿ ಬರೆದರೆ ಕೆಲಸ ಹೋಗಬಹುದು ಎಂದು ಎಚ್ಚರಿಸಿದೆ. ಚಕ್ಕೆ ಊದಿ ಹಾರಿಸಿ, ಹೇಳಿದರು: “ಬರೀರಿ. ಕಳ್ಳಿ ಥರ ಬಟ್ಟೆ ಕೆಳಗೆ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ. ನಂಗೆ ಬೇಕಾಗಿರೋದು ಒಂದೇ. ಐದನೇ ಪುಟದ ಆ ಸಾಲು ಹೊಡೆದು ಹಾಕಬೇಕು. ನಮ್ಮಪ್ಪನ ಮುಳ್ಳಿಗೆ ಎಡವಿ ಯಾರೂ ಬಿದ್ದಿಲ್ಲ. ಇವತ್ತಿನವರೆಗೂ.”

ಮುಳ್ಳಕ್ಕನ ಮನೆ ನೂರ ಎಂಬತ್ತನೇ ಮೆಟ್ಟಿಲಿನ ಎಡಕ್ಕೆ. ಎರಡು ಕೋಣೆ. ಒಳಗಿನದರಲ್ಲಿ ಅಡುಗೆ, ಹೊರಗಿನದರಲ್ಲಿ ಕಿಟಕಿಗೆ ತಾಗಿಸಿ ಹಾಕಿದ ಕಬ್ಬಿಣದ ಮಂಚ. ಅದರ ಮೇಲೆ ನಲವತ್ತೊಂಬತ್ತರ ಮೈದುನ. ಮಂಚದ ಕಾಲಿಗೆ ಉದ್ದನೆಯ ಕೋಲು ಕಟ್ಟಿದೆ, ಎದ್ದು ಕೂರಲು ಹಿಡಿ. ಬಾಗಿಲ ಹಿಂದೆ ಸಿಲಿಂಡರ್ ಹೊರುವಾಗ ಭುಜಕ್ಕೆ ಹಾಕಿಕೊಳ್ಳುತ್ತಿದ್ದ ದಪ್ಪ ಗೋಣಿಯ ಮಡಿಕೆ ಮೊಳೆಗೆ ತೂಗುತ್ತಿದೆ. ಅಪಘಾತದ ನಂತರ ಅವನು ಮನೆ ಬಿಟ್ಟು ಇಳಿದದ್ದು ಎರಡೇ ಸಲ. ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು, ಆಸ್ಪತ್ರೆಗೆ.

“ಇಪ್ಪತ್ತು ವರ್ಷ ನಾನು ಊರನ್ನ ಹೊತ್ತೆ, ಎರಡು ಸಲ ಊರು ನನ್ನ ಹೊತ್ತಿದೆ,” ಅನ್ನುತ್ತಾನೆ ಅವನು. “ಅದರಲ್ಲೂ ಒಂದು ಸಲ ಬೀಳಿಸೋರಿದ್ರು.”

“ಬಾಯಿಗೇನೂ ಆಗಿಲ್ಲ ನೋಡಿ ಇವಂಗೆ,” ಒಳಗಿನಿಂದ ಅತ್ತಿಗೆಯ ದನಿ. “ಸೊಂಟದ ಬದಲು ಅದು ಮುರಿದಿದ್ರೆ ಮನೆ ತಣ್ಣಗಿರ್ತಿತ್ತು.”

“ಅತ್ತಿಗೆ, ನಾನು ಮಾತಾಡದೆ ಇದ್ರೆ ನೀವು ಜಗಳ ಆಡಕ್ಕೆ ಬಂದರಿಗೆ ಇಳೀಬೇಕಾಗತ್ತೆ. ಇಲ್ಲೇ ಸಿಕ್ತೀನಲ್ಲ, ಖುಷಿಪಡಿ.”

ನಸುಕಿಗೆ ಎಚ್ಚರವಾಗಿ ಅವನು ಕಿಟಕಿಗೆ ಕಿವಿಗೊಟ್ಟು ಮಲಗಿರುತ್ತಾನೆ. ಸದ್ದಿನಲ್ಲೇ ಕೆಲಸ ಎಲ್ಲಿಗೆ ಬಂತು ಎಂದು ಹೇಳಬಲ್ಲ. “ಕೋಟಿಂಗ್ ಮೇಲೆ ಪೆಟ್ಟು ಬಿದ್ರೆ ನೆಗಡಿಯಾದೋನ ಹಂಗೆ ಗೊಗ್ಗರು ಸದ್ದು. ಕಲ್ಲಿಗೆ ಮುಟ್ಟಿತು ಅನ್ನಿ, ಟಣ್ ಅನ್ನತ್ತೆ. ಆ ಟಣ್ ಕೇಳೋವರೆಗೂ ನಂಗೆ ಕಾಫಿ ಇಳಿಯಲ್ಲ.” ಒಳಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳುತ್ತಾನೆ: “ಆಫೀಸಿಗೆ ಅರ್ಜಿ ಕೊಟ್ಟಿದ್ದೆ. ನೀನು ಬಿದ್ದಿದ್ದು ನಿನ್ನ ಅತ್ತಿಗೆಯಿಂದ, ಆಯಮ್ಮನ ಮೇಲೆ ಕೇಸು ಹಾಕ್ಕೋ ಅಂತ ಉತ್ತರ ಬರೆದಿದಾರೆ. ಬರೆದು, ಮೊಹರು ಒತ್ತಿ ಕಳಿಸಿದಾರೆ. ಅವರಿಗೆ ಅತ್ತಿಗೆ ಅಂತ ಯಾರೂ ಇಲ್ವಾ ಸಾರ್?”

ಒಳಗೆ ಪಾತ್ರೆಯ ಸದ್ದು ನಿಂತಿರುತ್ತದೆ. ನಂತರ ಇದ್ದಕ್ಕಿಂತ ಜೋರಾಗಿ ಶುರುವಾಗುತ್ತದೆ.

ಇಂಥವರನ್ನು ಎಲೆಮರೆಯ ಕಾಯಿ ಎಂದು ಕರೆದು, ನಾಲ್ಕು ಮೆಚ್ಚುಗೆಯ ಮಾತು ಬರೆದು, ಓದುಗರ ಭಾನುವಾರವನ್ನು ಬೆಚ್ಚಗೆ ಮಾಡುವುದು ನಮ್ಮ ಪತ್ರಿಕೆಗಳ ರೂಢಿ. ಆದರೆ ಈ ಹೆಂಗಸನ್ನು ಯಾವ ಎಲೆಯೂ ಮರೆಮಾಡಿಲ್ಲ. ಏಳು ಹಾಳೆ ಸೇರಿಸಿ, ದಾರ ಹಾಕಿ ಹೊಲಿದು, ಅದರ ಅಡಿಗೆ ಹಾಕಿ ಮುಚ್ಚಿದ್ದಾರೆ. ಮುಚ್ಚಿದವರಿಗೆ ಈಗ ಅವರ ನೆನಪಾಗಿದೆ. ಮೆಟ್ಟಿಲಿಗೆ ಮುನ್ನೂರು ತುಂಬಿದ್ದಕ್ಕೆ ಸಮಾರಂಭ ಮಾಡಬೇಕಾಗಿದೆ.

ಎರಡನೇ ಬೆಳಿಗ್ಗೆ ಅದೇ ನೂರ ಹತ್ತನೇ ಮೆಟ್ಟಿಲಲ್ಲಿ ಇದ್ದೇವೆ. ಏಳೂವರೆ. ಮೇಲಿನಿಂದ ಕೆಮ್ಮು. ಒಂದು, ಎರಡು, ಮೂರು. ಉಳಿ ಬಟ್ಟೆಯ ಅಡಿಗೆ ಹೋಗುತ್ತದೆ. ಸಮಾರಂಭ ಸಮಿತಿಯ ಕಾರ್ಯದರ್ಶಿ ಗೋಡೆ ಹಿಡಿದು ಹಿಡಿದು ಇಳಿದು ಬರುತ್ತಾರೆ. ನಲವತ್ತರೊಳಗಿನ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಕೆಟ್ಟವರೇನಲ್ಲ ಎನ್ನಿಸುವ ನಗು. ಹಿಂದೆ ಕ್ಯಾಮೆರಾದವನು. ಹೊಳೆಯುವ ಮೆಟ್ಟಿಲುಗಳ ಮೇಲೆ ಇಬ್ಬರೂ ಮೊಟ್ಟೆಯ ಮೇಲೆ ನಡೆದಂತೆ ನಡೆಯುತ್ತಾರೆ. ನೂರ ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಕಾರ್ಯದರ್ಶಿಯ ಕೈ ಗೋಡೆ ಬಿಡುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಯಾಕೆ ಎಂದು ಅವರಿಗೆ ಗೊತ್ತಾಗುವುದಿಲ್ಲ. ಮುಳ್ಳಕ್ಕನಿಗೆ ಗೊತ್ತು. ಅವರು ಆ ಬೂಟುಗಳನ್ನೇ ನೋಡುತ್ತಿದ್ದಾರೆ.

“ಅಮ್ಮಾ, ಒಂದು ಒಳ್ಳೇ ಸುದ್ದಿ ತಂದಿದೀನಿ,” ಅನ್ನುತ್ತಾರೆ ಕಾರ್ಯದರ್ಶಿ. “ಸಮಾರಂಭದಲ್ಲಿ ನಿಮಗೆ ಬಿರುದು ಕೊಡ್ತಿದೀವಿ. ‘ಮೆಟ್ಟಿಲ ತಾಯಿ’ ಅಂತ. ಮೇಲೆ ಜಗಲಿ ಹತ್ರ ಗೋಡೆ ಮೇಲೆ ನಿಮ್ಮ ಫೋಟೊ. ಇಷ್ಟು ದೊಡ್ಡದು. ಬಂದೋರೆಲ್ಲ ನೋಡ್ತಾರೆ.”

“ಆ ವರದೀಲಿ ನನ್ನ ಬಗ್ಗೆ ಒಂದು ಸಾಲಿದೆಯಲ್ಲ ಸಾರ್. ಅದನ್ನ ತೆಗೀತೀರಾ?”

“ಅಯ್ಯೋ, ಅದು ಯಾವ ಕಾಲದ ಮಾತು! ಆ ಫೈಲು ಮುಚ್ಚಿಯಾಯ್ತು. ಯಾರು ಓದ್ತಾರೆ ಅದನ್ನ? ಗೋಡೆ ಮೇಲಿರೋದನ್ನ ಎಲ್ಲರೂ ಓದ್ತಾರೆ.”

“ನನ್ನ ಮೈದುನ ಓದ್ತಾನೆ. ದಿನಾ ಓದ್ತಾನೆ. ಬೇರೆ ಏನು ಕೆಲಸ ಇದೆ ಅವಂಗೆ?”

ಕಾರ್ಯದರ್ಶಿ ಕ್ಯಾಮೆರಾದವನ ಕಡೆ ನೋಡುತ್ತಾರೆ. “ಅದೆಲ್ಲ ಇರಲಿ ಅಮ್ಮಾ. ಇನ್ನೊಂದು ಸಣ್ಣ ವಿಷಯ. ಕೆಳಗೆ ಒಂದು ಚಿಕ್ಕ ಮ್ಯೂಸಿಯಂ ಮಾಡ್ತಿದೀವಿ. ಗಾಜಿನ ಪೆಟ್ಟಿಗೆ, ಒಳಗೆ ದೀಪ, ಎಲ್ಲ. ನಿಮ್ಮ ತಂದೆಯವರ ಕಾಲದ ಉಳಿ ನಿಮ್ಮ ಹತ್ರ ಇದೆಯಂತೆ. ಈಗ ಹೇಗೂ ನಿಮಗೆ ಅದರ ಕೆಲಸ ಇಲ್ಲ. ಮನೇಲಿ ಎಲ್ಲೋ ಮೂಲೇಲಿ ಬಿದ್ದಿರತ್ತೆ. ಕೆಳಗೆ ನಿಮ್ಮ ತಂದೆಯವರ ಹೆಸರು ಬರೆಸ್ತೀವಿ. ಎಲ್ಲಿಟ್ಟಿದೀರಿ ಅದನ್ನ?”

ಮುಳ್ಳಕ್ಕ ಬಕೆಟ್ಟಿಗೆ ಕೈ ಹಾಕಿ ಒದ್ದೆ ಬಟ್ಟೆಯನ್ನು ಎತ್ತಿ ಪಕ್ಕಕ್ಕೆ ಹಾಕುತ್ತಾರೆ. ಉಳಿಯನ್ನು ತೆಗೆದು ಕಾರ್ಯದರ್ಶಿಯ ಕಣ್ಣೆದುರೇ ಮಂಡಿಯ ಮೇಲೆ ಇಟ್ಟುಕೊಳ್ಳುತ್ತಾರೆ. ಒಂದು ಗೇಣಿಗಿಂತ ಸ್ವಲ್ಪ ಗಿಡ್ಡ. ಬಡಿದು ಬಡಿದು ತಲೆ ಅಣಬೆಯಂತೆ ಅರಳಿದೆ. ತುದಿಯಲ್ಲಿ ಈ ಬೆಳಗಿನ ಕಲ್ಲುಪುಡಿ ಇನ್ನೂ ಬೆಳ್ಳಗಿದೆ.

ಕಾರ್ಯದರ್ಶಿ ಉಳಿಯನ್ನು ನೋಡುತ್ತಾರೆ. ತಾವು ಆಗಷ್ಟೇ ದಾಟಿ ಬಂದ ನೂರ ಹತ್ತನೇ ಮೆಟ್ಟಿಲನ್ನು ನೋಡುತ್ತಾರೆ. ಒಂದು ಅರ್ಧ ಹೊಳೆಯುತ್ತಿದೆ, ಇನ್ನೊಂದು ಅರ್ಧ ಮಂಕಾಗಿ, ಮುಳ್ಳು ಮುಳ್ಳಾಗಿ ಇದೆ. ಬಹುಶಃ ಜೀವನದಲ್ಲಿ ಮೊದಲ ಸಲ ಅವರು ಈ ಮೆಟ್ಟಿಲನ್ನು ನೋಡುತ್ತಿದ್ದಾರೆ.

“ಇದೇನಮ್ಮಾ ಇದು… ಆದೇಶ ಇದೆಯಲ್ಲ…” ಎಂದು ಶುರುಮಾಡಿ, ಕ್ಯಾಮೆರಾದವನನ್ನೂ ನನ್ನನ್ನೂ ನೋಡಿ ಮಾತು ತುಂಡರಿಸುತ್ತಾರೆ. ನಗು ಮತ್ತೆ ತನ್ನ ಜಾಗಕ್ಕೆ ಬರುತ್ತದೆ. “ಆಯ್ತು. ನಾನು ಏನೂ ನೋಡಿಲ್ಲ. ಇದನ್ನ ನನ್ನ ಕೈಗೆ ಕೊಟ್ಟುಬಿಡಿ, ಎಲ್ಲ ಇಲ್ಲಿಗೇ ಮುಗಿದುಹೋಗ್ಲಿ. ಗಾಜಿನೊಳಗೆ ಭದ್ರವಾಗಿರತ್ತೆ. ತುಕ್ಕು ಕೂಡ ಹಿಡಿಯಲ್ಲ.”

ಕೈ ಚಾಚುತ್ತಾರೆ.

“ಕೊಡಲ್ಲ.”